ಏಳನೆಯ ಕಮಾನಿನ ಕೆಳಗೆ

ಪೂಜ್ಯ ತಂದೆಯವರ ಸನ್ನಿಧಾನಕ್ಕೆ, ನಲವತ್ತು ವರ್ಷ ಪರರ ಅರ್ಜಿಗಳನ್ನು ನಕಲು ಮಾಡಿದ ತಮ್ಮ ಮಗನ ವಿಜ್ಞಾಪನೆ. ಇದು ತಮಗೆ ತಲುಪದೆಂದು ಬಲ್ಲೆ.

ತಾವು ಕಲ್ಲು ಕೆತ್ತಿ ಕಟ್ಟಿದ ರೈಲು ಸೇತುವೆಗೆ ಈಗ ಎಪ್ಪತ್ತು ವರ್ಷ. ಹೊಳೆಗೆ ಮೂರು ಮಹಾ ನೆರೆಗಳು ಬಂದು ಹೋದವು. ಒಂಬತ್ತು ಕಮಾನುಗಳಲ್ಲಿ ಒಂದೂ ಜಗ್ಗಲಿಲ್ಲ. ಏಳನೆಯದರಲ್ಲಿ ಮಾತ್ರ ಮರದ ಬೇರು ಹೊಕ್ಕಿತ್ತು. ಅದನ್ನು ಕಿತ್ತು, ತಮ್ಮ ಕಲ್ಲುಗಳನ್ನೇ ಮತ್ತೆ ಕೂರಿಸಿದರು. ಕಲ್ಲು ಕೂರಿಸುವಾಗ ಕೆಳಗೆ ಕೊಟ್ಟಿದ್ದ ಮರದ ಆಸರೆಯನ್ನು ಇಂದು ಬೆಳಿಗ್ಗೆ ತೆಗೆಯುವವರಿದ್ದರು. ಆಸರೆ ತೆಗೆಯುವಾಗ ಕಟ್ಟಿದವನು ಕಮಾನಿನಡಿಯಲ್ಲೇ ನಿಲ್ಲಬೇಕೆಂಬ ತಮ್ಮ ಕಾಲದ ಕಟ್ಟಳೆಯನ್ನು ಈಗಿನ ಮೇಸ್ತ್ರಿಯೂ ಬಿಟ್ಟಿಲ್ಲ.

"ಏನಜ್ಜಾ, ನಿಮ್ಮಪ್ಪನ ಕಲ್ಲಂತೆ. ನಂಬಿಕೆ ಇದ್ರೆ ಬನ್ನಿ, ಇಲ್ದಿದ್ರೆ ದಡದಲ್ಲೇ ಕೂತು ಅರ್ಜಿ ಬರೀರಿ!" ಎಂದ.

"ಬಂದೆ ಇರಪ್ಪಾ, ನಿನಗಿಂತ ಮೊದಲು ಇದನ್ನ ನೋಡಿದವನು ನಾನು," ಎಂದು ಕೋಲೂರಿಕೊಂಡು ಹೋಗಿ ನಿಂತೆ.

ಆಸರೆ ಕಳಚಿತು. ಹಿಡಿ ಧೂಳು ನನ್ನ ಹೆಗಲ ಮೇಲೆ ಉದುರಿತೇ ಹೊರತು ಕಲ್ಲು ಕೂದಲೆಳೆಯಷ್ಟೂ ಕದಲಲಿಲ್ಲ. ಮೊದಲ ರೈಲು ಹಾದುಹೋದಾಗ, "ನಮ್ಮಪ್ಪನ ಕೆಲಸ!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ.

ಅಂದು, ಸೇತುವೆ ಕಟ್ಟಿ ಮೊದಲ ಸಲ ಆಸರೆ ತೆಗೆದಾಗ, ಇದೇ ಕಮಾನಿನಡಿಯಿಂದ ತಾವು, "ಬಾ ಮಗಾ, ನನ್ನ ಪಕ್ಕ ನಿಂತ್ಕೋ," ಎಂದು ಕೈ ಚಾಚಿದ್ದಿರಿ. ಶಾಲೆಯ ಬಿಳಿ ಅಂಗಿ ಕೊಳೆಯಾಗುತ್ತದೆಂದು ಹೇಳಿ ನಾನು ದಡದಲ್ಲೇ ಉಳಿದೆ. ತಾವು ನಕ್ಕು ಕೈ ಇಳಿಸಿದಿರಿ, ಮತ್ತೆಂದೂ ಕರೆಯಲಿಲ್ಲ.

ಇಂದೂ ಬಿಳಿ ಅಂಗಿಯನ್ನೇ ತೊಟ್ಟಿದ್ದೆ. ಸೊಸೆ ಒಗೆಯಲು ಕೇಳಿದಳು, ಕೊಡಲಿಲ್ಲ. ಧೂಳು ಕೊಡವದೆ ಹಾಗೆಯೇ ಗೂಟಕ್ಕೆ ತೂಗುಹಾಕಿದ್ದೇನೆಂದು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.