ಮೇಬಲ್‌ಳ ಗದ್ದದ ಗುಟ್ಟು

ಆಗಸ್ಟ್ 7, ಗುರುವಾರ

ಕೌಂಟಿ ಮೇಳದ ಕುರಿ ನಿಲ್ಲಿಸುವ ಸ್ಪರ್ಧೆಯಲ್ಲಿ ಮೊದಲ ಸ್ಥಾನದ ನೀಲಿ ರಿಬ್ಬನ್ ನಮ್ಮ ಕ್ಲಬ್ಬಿನ ಹುಡುಗ ಗ್ರೇಡಿಗೆ ಹೋಯಿತು. ನನಗೆ ಎರಡನೆಯ ಸ್ಥಾನದ ಕೆಂಪು. ಬೇಜಾರಾಗಬೇಕಿತ್ತು, ಆಗುತ್ತಿಲ್ಲ. ಮೈಯೆಲ್ಲ ಕುರಿ ವಾಸನೆ. ಸ್ನಾನ ನಾಳೆ.

ಕೊನೆಗೆ ಅಂಕಣದಲ್ಲಿ ನಾವಿಬ್ಬರೇ ಉಳಿದಾಗ ತೀರ್ಪುಗಾರರು, "ಈಗ ಕುರಿ ಅದಲುಬದಲು ಮಾಡ್ಕೊಳ್ಳಿ, ಇನ್ನೊಬ್ಬರ ಕುರಿನ ಯಾರು ಚೆನ್ನಾಗಿ ನಿಲ್ಲಿಸ್ತೀರೋ ನೋಡೋಣ" ಅಂದರು. ಗ್ರೇಡಿಯ ಕುರಿ ನನ್ನ ಮೊಣಕಾಲಿಗೆ ಒರಗಿ ಕಂಬದಂತೆ ನಿಂತಿತು. ನನ್ನ ಮೇಬಲ್ ಮಾತ್ರ ಅವನ ಕೈಯಲ್ಲಿ ಕೊಸರಾಡತೊಡಗಿದಳು. ಜನ ನಕ್ಕರು. ನನಗೆ ತಡೆಯಲಾಗಲಿಲ್ಲ.

"ಗದ್ದದ ಕೆಳಗೆ ಕೆರಿಯೋ, ಪೆದ್ದ!" ಎಂದು ಪಿಸುಗುಟ್ಟಿದೆ.

ಅವನು ಕೆರೆದ. ಮೇಬಲ್ ನಾಲ್ಕೂ ಕಾಲು ಊರಿ, ಕತ್ತೆತ್ತಿ ನಿಂತಳು, ಏಪ್ರಿಲ್‌ನಿಂದ ದಿನಾ ಸಂಜೆ ನಾನು ಕಲಿಸಿದ ಹಾಗೆಯೇ. ತೀರ್ಪುಗಾರರು ಹೋಗಿ ಅವನ ಕೈ ಕುಲುಕಿದರು.

ಕುರಿದೊಡ್ಡಿಗೆ ವಾಪಸ್ ಬರುವವರೆಗೂ ತಾತ ಗೊಣಗಿದರು. "ಗೆಲ್ಲೋದು ಬಿಟ್ಟು ಅವನಿಗ್ಯಾಕೆ ಹೇಳ್ಕೊಟ್ಟೆ? ತಲೆ ಇದ್ಯೇನೇ ನಿಂಗೆ?"

"ಎಲ್ರೂ ಮೇಬಲ್‌ನ ನೋಡಿ ನಗ್ತಿದ್ರಲ್ಲ, ತಾತ."

ನಾನು ಬಕೆಟ್ಟಿನಲ್ಲಿ ನೀರು ತರುವಷ್ಟರಲ್ಲಿ ತಾತ ಮೇಬಲ್‌ಳ ಗದ್ದ ಕೆರೆಯುತ್ತಿದ್ದರು. ನನ್ನನ್ನು ಕಂಡವರೇ ಕೈಯನ್ನು ಜೇಬಿಗಿಳಿಸಿ ಬೇರೆ ಕಡೆ ನೋಡಿದರು.

ಮೇಬಲ್ ಇನ್ನೂ ಕತ್ತೆತ್ತಿ ನಿಂತೇ ಇದ್ದಳು.