ಕೊಂಡಿಯ ಪಿನ್ನು

ಸ್ಪ್ರೂಸ್‌ಹೆಡ್ ಸರೋವರ, ನಲವತ್ತೊಂದನೇ ಜಾಗ
ಅಕ್ಟೋಬರ್, ಗುರುವಾರ ಮಧ್ಯಾಹ್ನ

ಅಣ್ಣಾ ಇಲ್ಮರಿ,

ಲಕೋಟೆಯ ತಳದಲ್ಲಿ ಭಾರವಾಗಿರುವುದು ನಮ್ಮ ಕೊಂಡಿಯ ಪಿನ್ನು. ಮನೆಗಾಡಿಯನ್ನು ಎಳೆಯುವ ಕೊಂಡಿ ನಿನ್ನ ಪಿಕಪ್ಪಿನಿಂದ ಜಾರದಂತೆ ಅಡ್ಡ ತೂರಿಸುತ್ತಿದ್ದೆವಲ್ಲ, ಅದೇ ಉಕ್ಕಿನ ತುಂಡು. ಜೂನ್ ತಿಂಗಳ ಆ ಬೆಳಿಗ್ಗೆ ನೀನು ಅದನ್ನು ತೆಗೆದಿರಲಿಲ್ಲ. ಅದು ದಾರಿಯಲ್ಲೂ ಬಿದ್ದಿರಲಿಲ್ಲ. ನನ್ನ ಜಾಕೆಟ್ಟಿನ ಎಡಜೇಬಿನಲ್ಲಿತ್ತು.

ಇಷ್ಟು ಬರೆಯಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಫೋನಿನಲ್ಲಿ ಹೇಳೋಣವೆಂದರೆ ನೀನು ಎತ್ತುವುದಿಲ್ಲ. ಎತ್ತದಿದ್ದಾಗಲೆಲ್ಲ ನನಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಆವತ್ತು ನಡೆದದ್ದು ಇಷ್ಟೆ. ಕರಿನೊಣಗಳು ಕಿವಿಯ ಹಿಂದೆಲ್ಲ ಕಚ್ಚಿ ರಕ್ತ ಬರಿಸುತ್ತಿದ್ದವು. ಒಂದೇ ಸರೋವರದ ದಡದಲ್ಲಿ ಹತ್ತೊಂಬತ್ತು ದಿನ ಕೂತು ನನ್ನ ಮೈಯೆಲ್ಲ ಜಡ್ಡುಗಟ್ಟಿತ್ತು. ಯಾವಾಗ ಹೊರಟೇವೋ ಅನ್ನಿಸುತ್ತಿತ್ತು. ನೀನು ಕೊಂಡಿಯನ್ನು ಪಿಕಪ್ಪಿನ ಹಿಂಬದಿಯ ಚೌಕ ಕೊಳವೆಗೆ ತಳ್ಳಿ, ಪಿನ್ನನ್ನು ನನ್ನ ಕೈಗಿಟ್ಟು, ಮೇಲ್ಛಾವಣಿಯ ಬಟ್ಟೆ ಸುತ್ತಲು ಹೋದೆ. ನನ್ನ ಕೈಗೆ ಗ್ರೀಸ್ ಮೆತ್ತಿತ್ತು. ತೊಳೆದುಕೊಂಡು ಬಂದು ಹಾಕಿದರಾಯಿತು ಎಂದು ಅದನ್ನು ಜೇಬಿಗೆ ಇಳಿಸಿ ನೀರಿನ ಕಡೆ ನಡೆದೆ. ಅಷ್ಟರಲ್ಲಿ ಅಪ್ಪ ಶುರುಮಾಡಿದರು.

ಅಪ್ಪನ ಆ ಕೂಗು ನಿನಗೆ ಮರೆತಿರಲಾರದು. ಪ್ರತಿ ಸಲ ಹೊರಡುವಾಗಲೂ ಅದೇ ಕ್ರಮ, ಅದೇ ರಾಗ. ಅವರು ಒಂದೊಂದೇ ಹೆಸರು ಕೂಗಬೇಕು, ನೋಡಿದವರು ಉತ್ತರಿಸಬೇಕು. ಉತ್ತರ ಬಾರದೆ ಗಾಡಿ ಕದಲುವಂತಿರಲಿಲ್ಲ.

"ಮೆಟ್ಟಿಲು?" ಆಯ್ತು ಅಂದೆ ನೀನು.
"ಗ್ಯಾಸು?" ಆಯ್ತು ಅಂದೆ ನೀನು.
"ಸರಪಳಿ?" ಅದಕ್ಕೂ ನೀನೇ.
"ಪಿನ್ನು?"

ನಾನು ಮೊಣಕಾಲವರೆಗೆ ನೀರಲ್ಲಿದ್ದೆ. ಅಲ್ಲಿಂದಲೇ ಕೂಗಿದೆ, "ಆಯ್ತಪ್ಪಾ, ಆಯ್ತು! ಹೊರಡೋಣ ನಡೀರಿ!"

ಆಮೇಲಿನದೆಲ್ಲ ನಿನಗೆ ಗೊತ್ತು. ಗಣಿಯ ತಿರುವಿನ ಏರಿನಲ್ಲಿ ಕೊಂಡಿ ಜಾರಿದ್ದು, ಒಂದು ಸರಪಳಿ ಕಿತ್ತು ಇನ್ನೊಂದು ಹಿಡಿದುಕೊಂಡಿದ್ದು, ಮನೆಗಾಡಿ ರಸ್ತೆಯನ್ನು ಕೆರೆಯುತ್ತ ಹೋಗಿ ಚರಂಡಿಗೆ ವಾಲಿದ್ದು. ಅಮ್ಮನ ನೆನಪಿಗೆಂದು ಇದ್ದ ನೀಲಿ ಬಟ್ಟಲುಗಳಲ್ಲಿ ಒಂದೂ ಉಳಿಯಲಿಲ್ಲ. ಅಪ್ಪ ಇಳಿದು ಓಡಿದರು, ಜಲ್ಲಿಯ ಮೇಲೆ ಜಾರಿ ಬಿದ್ದು ಮೊಣಕಾಲು ಮುರಿದುಕೊಂಡರು. ನಾವಿನ್ನೂ ಅವರನ್ನು ಎತ್ತುತ್ತಿರುವಾಗ ಶಾಲೆಯ ಬಸ್ಸೊಂದು ಎದುರಿನಿಂದ ಹಾದುಹೋಯಿತು. ಕಿಟಕಿಯ ಮಕ್ಕಳು ನಮಗೆ ಕೈಬೀಸಿದವು. ಆ ಕೈಗಳು ಈಗಲೂ ಕಣ್ಣೆದುರಿಗಿವೆ.

ನೋವಿನಲ್ಲಿ ಹಲ್ಲು ಕಚ್ಚಿಕೊಂಡೇ ಅಪ್ಪ ನಿನ್ನ ಮೇಲೆ ಹರಿಹಾಯ್ದರು. "ಒಂದು ಪಿನ್ ನೋಡೋಕಾಗ್ಲಿಲ್ವೇನೋ ನಿನ್ ಕೈಲಿ?" ನೀನು ಮೆತ್ತಗೆ ಹೇಳಿದೆ, "ಐಲಾ ಆಯ್ತು ಅಂದ್ಲಲ್ಲಪ್ಪ." ಅದಕ್ಕೆ ಅವರು ಅಂದದ್ದನ್ನು ನಾನು ದಿನಕ್ಕೆಷ್ಟು ಸಲ ಕೇಳಿಸಿಕೊಳ್ಳುತ್ತೇನೋ. "ಐಲಾ ಸುಳ್ಳು ಹೇಳಲ್ಲ. ಅವಳು ಹಾಕಿದ್ದನ್ನ ನೀನೇ ಏನೋ ಸರಿ ಮಾಡ್ತೀನಂತ ತೆಗ್ದಿರ್ತೀಯ. ಇನ್ಮೇಲೆ ನನ್ ಗಾಡಿ ಮುಟ್ಬೇಡ, ಹೋಗು."

ನೀನು ನನ್ನ ಮುಖ ನೋಡಿದೆ. ನಾನು ಚರಂಡಿ ನೋಡಿದೆ.

ಐಲಾ ಸುಳ್ಳು ಹೇಳಲ್ಲ. ಈ ಹೆಸರನ್ನು ನಾನು ಶಾಲೆ ಬಿಟ್ಟಾಗಲೇ ಗಳಿಸಿದ್ದು. ಪುಸ್ತಕ ಓದಿಲ್ಲ, ಓದುವುದೂ ಇಲ್ಲ, ಇಲ್ಲಿ ಕೂತರೆ ಕಾಲು ಜೋಮು ಹಿಡಿಯುತ್ತದೆ ಎಂದು ಮೇಷ್ಟ್ರ ಎದುರಿಗೇ ಹೇಳಿ ಎದ್ದು ಬಂದವಳು ನಾನು. ಆವತ್ತು ನೀನು ಬಾಗಿಲಲ್ಲಿ ಬಗ್ಗಿ ನಿಂತು, "ಬನ್ನಿ ಜಡ್ಜಮ್ಮ, ನ್ಯಾಯ ಕೊಟ್ಟು ಬಂದ್ರಾ?" ಎಂದು ಛೇಡಿಸಿದ್ದೆ. ಬೈಯುತ್ತಿದ್ದ ಅಪ್ಪನಿಗೂ ನಗು ತಡೆಯಲಾಗಲಿಲ್ಲ. ನನಗೆ ಪದವಿ ಇಲ್ಲ, ಕಸುಬಿಲ್ಲ. ನನ್ನದು ಅಂತ ಇದ್ದದ್ದು ಆ ಒಂದು ಮಾತು. ಅದರಿಂದಲೇ ನಿನ್ನನ್ನು ಹೊಡೆದೆ.

ಜೇಬಿಗೆ ಕೈ ಹಾಕಿದ್ದು ಆಸ್ಪತ್ರೆಯ ಬೆಂಚಿನ ಮೇಲೆ. ನೀನು ಆಗತಾನೆ ಪಿಕಪ್ ಹತ್ತಿ ಉತ್ತರದ ಗಣಿಗೆ ಹೊರಟಿದ್ದೆ. ನಾನು ಓಡಿ ಬಂದಿದ್ದರೆ ನೀನು ಗೇಟಿನಲ್ಲೇ ಸಿಗುತ್ತಿದ್ದೆ. ನಾನು ಓಡಲಿಲ್ಲ. ಪಿನ್ನನ್ನು ಕಾಲುಚೀಲದಲ್ಲಿ ಸುತ್ತಿ ಹಾಸಿಗೆಯ ಕೆಳಗಿಟ್ಟೆ.

ಆಮೇಲೆ ಬೇಸಿಗೆಯೆಲ್ಲ ಕಂಡವರ ಗಾಡಿಯ ಹಿಂದೆ ಬದುಕಿದೆವು ಅಣ್ಣಾ. ಸರೋವರದ ಶಿಬಿರಗಳಲ್ಲಿ ಒಂದು ಕಡೆ ಇಪ್ಪತ್ತಮೂರು ರಾತ್ರಿಗಿಂತ ಹೆಚ್ಚು ಇರಲು ಬಿಡುವುದಿಲ್ಲವಲ್ಲ. ಅವಧಿ ಮುಗಿಯುತ್ತ ಬಂದ ಹಾಗೆ ನಾನು ಪಕ್ಕದ ಬೆಂಕಿಗಳ ಹತ್ತಿರ ಹೋಗಿ ನಿಲ್ಲುತ್ತಿದ್ದೆ: ನೀವು ಮುಂದಿನ ಸರೋವರಕ್ಕೆ ಹೋಗ್ತೀರಾ, ನಮ್ಮದನ್ನೂ ಎಳೀತೀರಾ? ಜನ ಒಳ್ಳೆಯವರು, ಎಳೆದರು. ಪ್ರತಿ ಸಲವೂ ಅಪ್ಪ ಊರುಗೋಲಿನ ಮೇಲೆ ನಿಂತು ಕೂಗುತ್ತಿದ್ದರು, ಎಳೆಯುವವರು ನಗುತ್ತ ಉತ್ತರಿಸುತ್ತಿದ್ದರು. "ಪಿನ್ನು?" ಅನ್ನುವಾಗ ಮಾತ್ರ ಅಪ್ಪ ಯಾರ ಉತ್ತರಕ್ಕೂ ಕಾಯುತ್ತಿರಲಿಲ್ಲ. ಮುರಿದ ಕಾಲನ್ನು ಪಕ್ಕಕ್ಕೆ ಚಾಚಿ ನೆಲದ ಮೇಲೆ ಕೂತು, ಬಗ್ಗಿ ತಾವೇ ನೋಡುತ್ತಿದ್ದರು. ಮತ್ತೆ ಎಬ್ಬಿಸಲು ಇಬ್ಬರು ಬೇಕಾಗುತ್ತಿತ್ತು.

ಈಗ ಎಳೆಯುವವರು ಯಾರೂ ಉಳಿದಿಲ್ಲ. ಭೂರ್ಜ ಮರಗಳ ಎಲೆಯೆಲ್ಲ ಉದುರಿತು. ಈ ಶಿಬಿರದ ನೂರಿಪ್ಪತ್ತು ಜಾಗಗಳಲ್ಲಿ ಉಳಿದಿರುವುದು ನಮ್ಮ ಗಾಡಿ ಒಂದೇ. ಸೋಮವಾರ ಸುಗ್ಗಿಯ ಹಬ್ಬ, ಮಧ್ಯಾಹ್ನ ಗೇಟಿಗೆ ಬೀಗ ಬೀಳುತ್ತದೆ, ಮೇ ತಿಂಗಳವರೆಗೆ ತೆಗೆಯುವುದಿಲ್ಲ. ನಲ್ಲಿಗಳನ್ನು ನಿನ್ನೆಯೇ ನಿಲ್ಲಿಸಿದರು. ಸರೋವರದಿಂದ ಬಕೆಟ್ಟಿನಲ್ಲಿ ನೀರು ತರುತ್ತೇನೆ. ಬೆಳಿಗ್ಗೆ ದಡದಲ್ಲಿ ಗಾಜಿನಂಥ ಹೆಪ್ಪು ಒಡೆಯಬೇಕು. ಉಳಿದಿರುವ ಗ್ಯಾಸು ಕೊನೆಯ ಸಿಲಿಂಡರಿನದು. ಉಸ್ತುವಾರಿಯ ಡೋರೀನಮ್ಮ ತನ್ನ ಕುಳ್ಳನಾಯಿಯನ್ನು ಕಂಕುಳಲ್ಲಿಟ್ಟುಕೊಂಡು ದಿನಕ್ಕೆರಡು ಸಲ ಬಂದು ಅಪ್ಪನನ್ನು ಕೆಣಕುತ್ತಾಳೆ. "ಏನ್ ಆರ್ವೊ, ಇಲ್ಲೇ ಕಾವು ಕೂರ್ತೀಯಾ? ಕರಡಿಗೂ ಚಳಿಗಾಲಕ್ಕೆ ಒಂದು ಗುಹೆ ಅಂತ ಇರುತ್ತಪ್ಪ." ಅರಣ್ಯದವರ ಟ್ರಕ್ಕಿನಿಂದ ಹಿಲ್ಮಾ ಅತ್ತೆಯ ಅಂಗಳದವರೆಗೆ ಎಳೆಸಲು ಅವಳು ಒಪ್ಪಿಸಿಯೂ ಇದ್ದಳು. ಅಲ್ಲಿ ಕರೆಂಟಿದೆ, ಬಿಸಿನೀರಿದೆ. ಚಳಿಗಾಲ ಕಳೆಯಬಹುದಿತ್ತು.

ಇದನ್ನು ಕೇಳಿದಾಗ ನನಗೆ ಹೊಳೆದದ್ದು ಹೀಗೆ: ಒಮ್ಮೆ ಅತ್ತೆಯ ಮನೆ ಸೇರಿದರೆ ಪಿನ್ನಿನ ಮಾತು ಹಿಮದಡಿ ಮುಚ್ಚಿಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮನಸ್ಸು ಎಷ್ಟು ಹಗುರವಾಯಿತೆಂದರೆ ನನಗೇ ಹೇಸಿಗೆಯಾಯಿತು. ಕಾಲುಚೀಲ ತಂದು ಅಪ್ಪನ ತಟ್ಟೆಯ ಪಕ್ಕದಲ್ಲಿಟ್ಟೆ. ಇದು ಇವತ್ತು ಬೆಳಿಗ್ಗೆಯ ಮಾತು.

ಅವರು ಬೈಯಲಿಲ್ಲ. ಪಿನ್ನನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. "ಅವನಿಗೆ ಹೇಳಿದ್ಯಾ?" ಎಂದರು. ಇಲ್ಲ ಎಂದೆ. "ಮತ್ತೆ ನನಗ್ಯಾಕೆ ಮೊದ್ಲು ಹೇಳ್ದೆ?"

ಗುರುವಾರವೆಂದು ನಮ್ಮ ಮನೆಯ ರೂಢಿಯಂತೆ ಬಟಾಣಿ ಸೂಪು ಮಾಡಿದ್ದೆ. ಅವರು ಮುಟ್ಟಲಿಲ್ಲ. ಡೋರೀನಮ್ಮ ಬಂದಾಗ ಬಾಗಿಲು ಅರ್ಧ ತೆರೆದು ಹೇಳಿದರು, "ಆ ಟ್ರಕ್ ಬೇಡ ಅಂತ ಹೇಳ್ಬಿಡಿ. ಇದನ್ನ ಎಳೆಯೋದು ನನ್ ಮಗ. ಅವನ ಮುಖ ನೋಡಿ ತಪ್ಪಾಯ್ತು ಅನ್ನದೆ ನಾನು ಇನ್ನೊಬ್ಬರ ಹಿಂದೆ ಹೋಗಲ್ಲ." ಅವಳು ನನ್ನ ಕಡೆ ತಿರುಗಿದಳು. "ನಿಮ್ಮಪ್ಪನಿಗೆ ಹುಚ್ಚು ಕಣೇ. ರಾತ್ರಿ ಚಳಿ ಎಷ್ಟಕ್ಕಿಳಿಯುತ್ತೆ ಗೊತ್ತಾ?" ಗೊತ್ತು. ಅಪ್ಪನ ಕೆಮ್ಮು ಎಷ್ಟು ಆಳಕ್ಕಿಳಿದಿದೆ ಎಂಬುದೂ ಗೊತ್ತು. ಕಾಲು ಹಿಡಿದು ಬೇಡಿಕೊಂಡೆ. ಜಗ್ಗಲಿಲ್ಲ. ನಾನು ಸುಳ್ಳು ಹೇಳಿದ್ದರಿಂದ ನೀನು ಹೋದೆ. ನಿಜ ಹೇಳಿದ್ದರಿಂದ ಅಪ್ಪ ಇಲ್ಲೇ ಹೆಪ್ಪುಗಟ್ಟುತ್ತಾರೆ. ಇನ್ನೇನು ಮಾಡಲಿ ಅಣ್ಣಾ? ನಾನು ಎಲ್ಲಿ ಬಾಯಿ ಬಿಟ್ಟರೂ ಯಾರಿಗಾದರೂ ಏಟು ಬೀಳುತ್ತದೆ.

ನನ್ನನ್ನು ಕ್ಷಮಿಸು ಎಂದು ಕೇಳುತ್ತಿಲ್ಲ. ಕ್ಷಮಿಸದೆಯೇ ಬಾ. ದಾರಿಯುದ್ದಕ್ಕೂ ಬೈದುಕೊಂಡು ಬಾ. ಅತ್ತೆಯ ಮನೆ ಮುಟ್ಟುವವರೆಗೂ ನನ್ನ ಜೊತೆ ಮಾತಾಡಬೇಡ. ನಾನು ಹಿಂದಿನ ಸೀಟಿನಲ್ಲಿ ಕೂರುತ್ತೇನೆ. ಬರುವುದಿಲ್ಲ ಎಂದಾದರೆ ಅದನ್ನೂ ಒಂದು ಮಾತಿನಲ್ಲಿ ತಿಳಿಸು. ಆಗ ಭಾನುವಾರ ಡೋರೀನಮ್ಮ, ನಾನು ಇಬ್ಬರೂ ಸೇರಿ ಅಪ್ಪನನ್ನು ಹೊತ್ತಾದರೂ ಇಲ್ಲಿಂದ ಇಳಿಸುತ್ತೇವೆ. ಅವರು ಆಮೇಲೆ ನನ್ನ ಮುಖ ನೋಡದಿದ್ದರೂ ಸರಿ.

ಡೋರೀನಮ್ಮನ ತಂಗಿಯ ಮಗ ನಾಳೆ ನಿಮ್ಮ ಗಣಿಗೆ ತರಕಾರಿ ಲಾರಿ ಒಯ್ಯುತ್ತಾನಂತೆ. ಇದನ್ನು ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾನೆ. ಇಂಥ ಪಿನ್ನು ಯಾವ ಅಂಗಡಿಯಲ್ಲೂ ಸಿಗುತ್ತದೆ, ಗೊತ್ತು. ಆದರೂ ಇದನ್ನೇ ಕಳಿಸುತ್ತಿದ್ದೇನೆ. ಕಳಿಸು ಎಂದವರು ಅಪ್ಪ. ಗ್ರೀಸನ್ನೂ ಒರೆಸಿ ಕೊಟ್ಟಿದ್ದಾರೆ.

ಈ ಸಾಲು ಬರೆಯುವಾಗಲೂ ಅವರು ಹೊರಗೆ ಕೊಂಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ, ಎದುರಿಗೆ ಪಿಕಪ್ಪಿಲ್ಲ, ಬರಿಯ ರಸ್ತೆ. ನೀನು ಹಿಮ್ಮುಖವಾಗಿ ಗಾಡಿ ತರುವಾಗ ಕೈ ತೋರಿಸಲು ನಾನಿರುತ್ತೇನೆ. ಅಪ್ಪ ಕೂಗಲಿ. ಪಿನ್ನು ಎಂದಾಗ ಈ ಸಲ ನಾನು ಬಾಯಿ ತೆರೆಯುವುದಿಲ್ಲ. ನೀನೇ ಬಗ್ಗಿ ನೋಡಿ, ನೀನೇ ಆಯ್ತು ಅನ್ನು.

ಗಣಿಯ ತಿರುವಿನ ಏರಿನಲ್ಲಿ ನಿಧಾನವಾಗಿ ಬಾ. ದಾರಿಯಲ್ಲಿ ಹಿಮ ಬೀಳದಿರಲಿ, ನಿನ್ನ ಮೈಗೆ ಒಂದು ಗೀರೂ ಆಗದಿರಲಿ.

ಜಡ್ಜಮ್ಮ ಎಂದು ಇನ್ನು ಕರೆಯಬಾರದ ನಿನ್ನ ತಂಗಿ,
ಐಲಾ