ಗೊರಸಿನ ಬೇಟೆಗಾರ

ಭಾನುವಾರ, ಮಾರ್ಚ್ ೯

ಚಿರಂಜೀವಿ ಪುಟ್ಟಿಗೆ,

ನಿನ್ನ ಚಿಕ್ಕಪ್ಪ ಗುಂಡುಕಲ್ಲಿನ ಹಾಗಿದ್ದಾನೆ. ಉತ್ತರ ತಡವಾಯಿತು, ಬೈಯಬೇಡ. ಕೈತುಂಬ ಪ್ಲಾಸ್ಟರ್ ಮೆತ್ತಿಕೊಂಡವನು ಪೆನ್ನು ಹಿಡಿಯುವುದು ಹೇಗೆ?

ಮ್ಯೂಸಿಯಮ್ಮಿನವರು ಈ ಸಲ ಒಂದು ಚಿತ್ರ, ಒಂದು ವಿವರದ ಹಾಳೆ ಕೊಟ್ಟು ಮೆಸೋನಿಕ್ಸ್ ಎಂಬ ಪ್ರಾಣಿಯ ಬೊಂಬೆ ಕೇಳಿದ್ದಾರೆ. ಕೋಟ್ಯಂತರ ವರ್ಷಗಳ ಹಿಂದೆಯೇ ವಂಶಸಮೇತ ಅಳಿದುಹೋದದ್ದು. ತೋಳದ ಹಾಗೆ ಮಾಂಸ ತಿನ್ನುತ್ತಿತ್ತಂತೆ. ಮೈ, ಮುಖ ನನ್ನ ಕೈಚಳಕ. ಸುಮ್ಮನೆ ಹೇಳುತ್ತಿಲ್ಲ, ವರ್ಕ್‌ಶಾಪಿನೊಳಗೆ ನುಗ್ಗಿದ ಬೀದಿನಾಯಿ ಅದನ್ನು ನೋಡಿ ಬಾಲ ಮುದುರಿಕೊಂಡು ಓಡಿತು! ಪಾದಗಳು ಮಾತ್ರ ನಿಮ್ಮಪ್ಪನ ಪಾಲಿಗೆ.

"ಅಪ್ಪನಿಗೆ ಮರೆವು ಜಾಸ್ತಿಯಾಗ್ತಿದೆ, ಕೆಲಸ ಬಿಡಿಸು" ಎಂದು ಬರೆದಿದ್ದೆಯಲ್ಲ, ನನಗೆ ಮನಸ್ಸು ಬಂದಿರಲಿಲ್ಲ. ಆದರೆ ಅಣ್ಣ ಮಾಡಿದ ಪಾದ ನೋಡಿ ದಂಗಾದೆ. ಒಂದೊಂದು ಬೆರಳ ತುದಿಗೂ ಒಂದೊಂದು ಪುಟ್ಟ ಗೊರಸು!

"ಅಣ್ಣಾ, ಇದೇನ್ ಹುಲ್ಲು ಮೇಯತ್ತಾ? ಉಗುರೆಲ್ಲಿ?" ಅಂದೆ.

"ಹಾಳೆ ಓದೋ, ಕತ್ತೆ" ಅಂದ.

ಹಾಳೆ ಓದುವ ಜಾಯಮಾನವೇ ನನ್ನದು? ಚಿತ್ರ ಒಮ್ಮೆ ನೋಡಿದರೆ ಸಾಕು. ಚಿತ್ರದಲ್ಲಿ ಪಾದಗಳು ಹುಲ್ಲಿನಲ್ಲಿ ಮುಚ್ಚಿಹೋಗಿದ್ದವು. ಅಣ್ಣ ಊಟಕ್ಕೆ ಎದ್ದಾಗ ಗೊರಸುಗಳನ್ನೆಲ್ಲ ಗರಗಸದಿಂದ ಕತ್ತರಿಸಿ, ಬಾಗಿದ ಉಗುರು ಕೂರಿಸಿದೆ. ನೀನು ಹೇಳಿದ್ದೇ ಸರಿ, ಇನ್ನು ಇವನನ್ನು ಕರೆತರುವುದು ಬೇಡ ಎಂದುಕೊಂಡೆ.

ಸಂಜೆ ಮ್ಯೂಸಿಯಮ್ಮಿನ ಮೇಡಂ ಬಂದರು. "ಇದ್ಯಾಕ್ರೀ ಉಗುರು? ಗೊರಸಿದ್ದೂ ಬೇಟೆ ಆಡ್ತಿದ್ದ ಪ್ರಾಣಿ ಅಂತಾನೇ ಅಲ್ವಾ ಇದನ್ನ ಮಾಡಿಸ್ತಿರೋದು? ಹಾಳೇಲಿ ಬರೆದಿದ್ದೆ!"

ಇಂಗು ತಿಂದ ಮಂಗನಾದೆ. ಕಸದ ಡಬ್ಬಿಯಿಂದ ಗೊರಸುಗಳನ್ನು ಹೆಕ್ಕಿ, ಒರೆಸಿ, ಮತ್ತೆ ಅಂಟಿಸಿದೆ. ಆದರೂ ಪುಟ್ಟಿ, ಸೋತು ಇಷ್ಟು ಹಿಗ್ಗಿದ್ದು ಇದೇ ಮೊದಲು. ಅಣ್ಣ ಹಾಳೆ ಓದಿದ್ದಾನೆ, ಅರ್ಥ ಮಾಡಿಕೊಂಡಿದ್ದಾನೆ, ಕೈಯಲ್ಲಿ ಇಳಿಸಿದ್ದಾನೆ! ಕೆಲಸ ಬಿಡಿಸುವ ಮಾತು ಇನ್ನು ಎತ್ತಬೇಡ.

ಹೊಟ್ಟೆತುಂಬ ಉಣ್ಣು, ಕಣ್ತುಂಬ ನಿದ್ದೆ ಮಾಡು. ನನ್ನಷ್ಟು ಜಾಣೆಯಾಗು, ಕಷ್ಟ, ಆದರೂ ಪ್ರಯತ್ನಿಸು.

ಇಂತಿ ನಿನ್ನ
ಚಿಕ್ಕಪ್ಪ

ತಾ.ಕ.: ಮರುದಿನ ಆ ಪಾದಗಳನ್ನು ಅಣ್ಣನ ಮುಂದಿಟ್ಟೆ. ಗೊರಸಿನ ಮೇಲೆ ಹೆಬ್ಬೆರಳಾಡಿಸುತ್ತ ತುಂಬ ಹೊತ್ತು ನೋಡಿದ. "ಯಾರು ಮಾಡಿದ್ದೋ ಇದನ್ನ? ಒಳ್ಳೇ ಕೈ. ಆ ಮನುಷ್ಯನ್ನ ಬಿಡಬೇಡ, ಕೆಲಸಕ್ಕೆ ಇಟ್ಕೋ" ಅಂದ. ಇಟ್ಟುಕೊಂಡಿದ್ದೇನೆ. ನೀನು ಬೇಗ ಬಾ.